ಹನ್ನೊಂದು ಸಹಿಗಳ ಮೇಲಿನ ಜಾಗ

ಟಂಟಂ ರಿಕ್ಷಾ ಅಕ್ಕೋಳದ ಕೊನೆಯ ಮನೆ ದಾಟಿ ನಿಪ್ಪಾಣಿಯ ರಸ್ತೆಗೆ ಹೊರಳಿದಾಗ ಬ್ರಾಹ್ಮಿ ತೊಡೆಯ ಮೇಲಿನ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಚೀಲದೊಳಗೆ ಸಂಘದ ಠರಾವು ಪುಸ್ತಕವಿತ್ತು. ಪುಸ್ತಕದ ಮೂವತ್ತನಾಲ್ಕನೆಯ ಪುಟದ ಕೆಳಗೆ ಹನ್ನೊಂದು ಹೆಂಗಸರ ಸಹಿಗಳಿದ್ದವು. ಮೇಲೆ ಏನೂ ಇರಲಿಲ್ಲ. ಅಂಗೈಯಗಲದ ಬರೀ ಬಿಳಿ ಜಾಗ. ಅಲ್ಲಿ ಏನು ಬರೆದರೂ ಹನ್ನೊಂದು ಹೆಂಗಸರು ಅದಕ್ಕೆ ಮಂಗಳವಾರವೇ ಒಪ್ಪಿಯಾಗಿತ್ತು. ಸಂಘಕ್ಕೆ ಒಂದು ಆನೆ ಕೊಳ್ಳುವುದೆಂದು ಬರೆದರೂ ಕೆಳಗೆ ಅಧ್ಯಕ್ಷೆ ಲಕ್ಷ್ಮಿಬಾಯಿ ಕಾಕುವಿನ ಬಾಲ ಎಳೆದ ಸಹಿ ಗಂಭೀರವಾಗಿ ನಿಂತಿರುತ್ತಿತ್ತು. ಈ ಯೋಚನೆ ಬಂದದ್ದೇ ಬ್ರಾಹ್ಮಿಗೆ ನಗು ಉಕ್ಕಿತು, ನಕ್ಕರೆ ಎದುರಿಗೆ ಕೂತ ಮಮತಾಜ ಮಾವಶಿ ಯಾಕೆ ನಕ್ಕೆಯೆಂದು ಕೇಳಿಯಾಳೆಂದು ಹೆದರಿಕೆಯಾಯಿತು, ನಗುವನ್ನು ಕೆಮ್ಮಾಗಿ ಬದಲಿಸಹೋಗಿ ನಿಜವಾಗಿಯೇ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. "ವಖಾರಿ ತಂಬಾಕು ಇನ್ನೂ ಎದಿಯಾಗ ಐತಿ ನೋಡ್ರಿ ಹುಡುಗೀದು" ಅಂದಳು ಮಮತಾಜ ಪಕ್ಕದಲ್ಲಿದ್ದ ಲಕ್ಷ್ಮಿಬಾಯಿಗೆ, ಮತ್ತು ಬ್ರಾಹ್ಮಿಯ ಬೆನ್ನು ತಟ್ಟಿದಳು. ಆ ಕೈಯೇ ಬೆನ್ನಿಗೆ ತಗಲಬಾರದಿತ್ತು ಎನ್ನಿಸಿತು ಬ್ರಾಹ್ಮಿಗೆ.

ವಖಾರಿ ಅಂದರೆ ಹಳೆಯ ತಂಬಾಕಿನ ಗೋದಾಮು. ಈಗ ಅದೇ ಸಂಘದ ಹೊಲಿಗೆ ಕೇಂದ್ರ. ತಂಬಾಕು ಹೋಗಿ ಇಪ್ಪತ್ತು ವರ್ಷವಾದರೂ ಗೋಡೆಗಳು ಬಿಸಿಲೇರಿದೊಡನೆ ಬೆವರಿದಂತೆ ಘಾಟು ಬಿಡುತ್ತವೆ. ಹೋದ ವರ್ಷ ಇಲ್ಲೇ ಹೊಲಿದ ಶಾಲೆಯ ಅಂಗಿಗಳನ್ನು ತೊಟ್ಟುಕೊಂಡು ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಾಗ ಹೆಡ್‌ಮಾಸ್ತರರು ಏಳನೆಯ ತರಗತಿಯ ಹುಡುಗರ ಕಿಸೆಗಳನ್ನೆಲ್ಲ ತಡಕಿಸಿದ್ದರಂತೆ. ಐದು ಮಶೀನು, ಹನ್ನೊಂದು ಹೆಂಗಸರು, ಸರದಿಯ ಮೇಲೆ ಹೊಲಿಗೆ. ಬ್ರಾಹ್ಮಿಗೆ ನೇರ ಹೊಲಿಗೆಯೂ ಸರಿಯಾಗಿ ಬರುವುದಿಲ್ಲ. ಬಿ.ಎ. ಆಗಿದೆ, ಅಕ್ಷರ ಮುತ್ತಿನಂತಿದೆ, ಮೇಲಾಗಿ ಯಾವ ಮಾತಿಗೂ ಎದುರು ಮಾತಾಡುವುದಿಲ್ಲ ಎಂದು ಅವಳನ್ನು ಕಾರ್ಯದರ್ಶಿ ಮಾಡಿದ್ದರು. ಮೂರನೆಯ ಗುಣವೇ ಮುಖ್ಯವಾದದ್ದು ಎಂದು ಅವಳಿಗೆ ಗೊತ್ತಿತ್ತು.

ಸಹಿ ಮೊದಲು, ಮಾತು ಆಮೇಲೆ ಎಂಬುದು ಸಂಘದ ರಿವಾಜು. ಇದರಲ್ಲಿ ಯಾರ ಕಪಟವೂ ಇರಲಿಲ್ಲ. ಹನ್ನೊಂದರಲ್ಲಿ ಎಂಟು ಮಂದಿ ಜೈನರ ಮನೆಯವರು. ಹೊತ್ತು ಮುಳುಗುವುದರೊಳಗೆ ಉಂಡು ಬಾಯಿ ಮುಕ್ಕಳಿಸಿ ಕೂರಬೇಕು. ಗದ್ದೆ, ದನ, ಮನೆ ಎಲ್ಲ ಮುಗಿಸಿ ಸಭೆಗೆ ಬರುವಾಗ ಐದಾಗಿರುತ್ತದೆ. ಪುಷ್ಯಮಾಸದಲ್ಲಿ ಆರು ದಾಟಿದರೆ ಸೂರ್ಯನಿಲ್ಲ. ಹಾಗಾಗಿ ಬಂದವರು ಬಂದಂತೆ ಸಹಿ ಮಾಡಿ, ಕೂತು, ಮಾತು ಸುರುಮಾಡಿ, ಮಾತು ಕಾವೇರುವ ಹೊತ್ತಿಗೆ ಯಾರಾದರೊಬ್ಬರು ಬಾಗಿಲ ಕಡೆ ನೋಡಿ "ಅಯ್ಯ, ಹೊತ್ತ ಬೇವಿನಗಿಡಕ್ಕ ಬಂತು!" ಎಂದುಬಿಟ್ಟರೆ ಮುಗಿಯಿತು. ಎಲ್ಲರೂ ಸೆರಗು ಕೊಡವಿ ಎದ್ದು ಓಡುವುದೇ. ಅರ್ಧಕ್ಕೆ ನಿಂತ ವಾಕ್ಯಗಳು ಮಾತ್ರ ವಖಾರಿಯಲ್ಲಿ ಉಳಿಯುತ್ತಿದ್ದವು, ತಂಬಾಕಿನ ಘಾಟಿನಂತೆ. ಬ್ರಾಹ್ಮಿಯೂ ಮನೆಗೆ ಓಡಿ, ಅವ್ವ ಜಿನಮತಿ ಮುಂದಿಟ್ಟ ರೊಟ್ಟಿಯನ್ನು ಸೂರ್ಯನಿಗಿಂತ ಮೊದಲು ನುಂಗಿ, ಆಮೇಲೆ ಪುಸ್ತಕ ತೆರೆದು ಹೆಂಗಸರು ಏನು ತೀರ್ಮಾನಿಸಿದರೆಂಬುದನ್ನು ತಾನೇ ತೀರ್ಮಾನಿಸಿ ಬರೆಯುತ್ತಿದ್ದಳು. ಬೇಸಿಗೆಯ ಠರಾವುಗಳು ಸಂಘದವು, ಚಳಿಗಾಲದವೆಲ್ಲ ಅವಳವು. ಸಭೆಯಲ್ಲಿ ಒಂದು ಮಾತೂ ಆಡದವಳು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಿರ್ಣಯ ಮಾಡಿದವಳಾಗಿದ್ದಳು, ಮತ್ತು ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ದಿನ ತನ್ನನ್ನು ಏನು ಮಾಡಬಹುದು ಎಂದು ಅವಳು ಎಷ್ಟೋ ಸಲ ಊಹಿಸಿದ್ದುಂಟು. ಪ್ರತಿ ಊಹೆಯಲ್ಲೂ ಲಕ್ಷ್ಮಿಬಾಯಿ ಕಾಕು "ಬಾಯಿಲ್ಲದಾಕಿ ಅಂತ ತಿಳದಿದ್ವಿ" ಅನ್ನುತ್ತಿದ್ದಳು.

ಮಂಗಳವಾರ ಮಾತು ಮಶೀನಿನದು. ಪಂಚಾಯ್ತಿಯಿಂದ ಅರವತ್ತು ಸಾವಿರ ಮಂಜೂರಾಗಿತ್ತು, ಒಂದು ಹೊಸ ಮಶೀನಿಗೆ, ಒಂದೇ ಒಂದಕ್ಕೆ. ಮೂರು ಅಂಗಡಿಗಳ ದರಪಟ್ಟಿ ಮತ್ತು ಠರಾವು ಶನಿವಾರ ಮಧ್ಯಾಹ್ನದೊಳಗೆ ಕೊಡಬೇಕು. ಅಧ್ಯಕ್ಷೆ ಲಕ್ಷ್ಮಿಬಾಯಿ ಕಾಕುವಿಗೆ ಎಂಬ್ರಾಯ್ಡರಿ ಮಶೀನು ಬೇಕು. ಕಾಗವಾಡದಲ್ಲಿ ಅವಳ ನಾದಿನಿಯ ಸಂಘಕ್ಕೆ ಅದು ಬಂದಿದೆ, ಒಂದು ಗುಂಡಿ ಒತ್ತಿದರೆ ತಾನೇ ನವಿಲು ತೆಗೆಯುತ್ತದಂತೆ, ನಾದಿನಿ ದೀಪಾವಳಿಗೆ ಬಂದಾಗ ನವಿಲಿದ್ದ ಕುಬಸ ತೊಟ್ಟು ಬೇಕಂತಲೇ ಬೆನ್ನು ತಿರುಗಿಸಿ ಕೂತಿದ್ದಳಂತೆ. ಉಳಿದವರಿಗೆ ಕಾಜಾ ಮಶೀನು ಬೇಕು. ಶಾಲೆಯ ಆರುನೂರು ಅಂಗಿ ಮೇ ತಿಂಗಳೊಳಗೆ ಹೊಲಿದು ಕೊಡಬೇಕು, ಅಂಗಿಗೆ ಏಳು ಕಾಜಾ, ಗುಂಡಿ ತೂರುವ ಆ ಏಳು ಕಣ್ಣುಗಳಿಗಾಗಿಯೇ ಎಲ್ಲ ತಡವಾಗುತ್ತದೆ. ಯಾಕೆಂದರೆ ಕಾಜಾ ಮಾಡುವವಳು ಮಮತಾಜ ಒಬ್ಬಳೇ, ಅದೂ ಕೈಯಿಂದ. ಬಟ್ಟೆ ಕೊಯ್ದು, ಕೊಯ್ದ ಅಂಚಿಗೆ ಸುತ್ತಲೂ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದು. ಹದಿನೆಂಟು ವರ್ಷದಿಂದ. ಅವಳ ಬಲಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿ ಹೋಗಿದೆ, ಮೊಬೈಲಿನ ಪರದೆ ಕೂಡ ಆ ಬೆರಳನ್ನು ಗುರುತಿಸದೆ ಅವಳು ನಡುಬೆರಳಿನಿಂದ ಫೋನು ಮಾಡುತ್ತಾಳೆ. "ನೀ ಏನಂತಿ ಮಮತಾಜ?" ಎಂದು ಯಾರೋ ಕೇಳಿದಾಗ ಅವಳು ದಾರ ಕಡಿದು "ನಿಮಗ ತಿಳಿದಂಗ ಮಾಡ್ರಿ, ನಂದೇನೈತಿ" ಅಂದಳು. ಅಷ್ಟರಲ್ಲಿ ಹೊತ್ತು ಬೇವಿನಗಿಡಕ್ಕೆ ಬಂತು.

ಆ ಬೆರಳನ್ನು ನೆನೆದೇ ಬ್ರಾಹ್ಮಿ ಮನೆಯಲ್ಲಿ ಪೆನ್ಸಿಲಿನಿಂದ "ಕಾಜಾ ಮಶೀನು ಖರೀದಿಸುವುದೆಂದು" ಎಂದು ಬರೆದಳು. ಬರೆದು ಎಷ್ಟು ಹಗುರಾದಳೆಂದರೆ ಆ ಬೆರಳು ಮೆತ್ತಗಾಗುವುದು, ಮೊಬೈಲು ಅದನ್ನು ಗುರುತಿಸುವುದು, ಮಮತಾಜ ಮಾವಶಿ ಕಣ್ಣೀರು ತುಂಬಿ ತನ್ನ ಕಡೆ ನೋಡುವುದು, ಎಲ್ಲವನ್ನೂ ಕಂಡುಬಿಟ್ಟಳು. ಮರುದಿನ ಮುಂಜಾನೆ ಭಾಂಡೆ ತಿಕ್ಕುವಾಗ, ಕೈ ಬೂದಿಯಲ್ಲಿದ್ದಾಗ, ಆರುನೂರಕ್ಕೆ ಏಳು ಎಷ್ಟು ಎಂಬ ಲೆಕ್ಕ ತಾನಾಗಿ ತಲೆಯೊಳಗೆ ನಡೆಯಿತು. ನಾಲ್ಕು ಸಾವಿರದ ಇನ್ನೂರು ಕಾಜಾ. ಕಾಜಾಕ್ಕೆ ಎರಡು ರೂಪಾಯಿ. ಅದೇ ಮಾವಶಿಯ ಬೇಸಿಗೆ, ಅದೇ ಅವಳ ಮಗಳು ಮೆಹೆಕಳ ಕಾಲೇಜು ಫೀಜು. ಮಶೀನು ಬಂದರೆ ಬೆರಳಿಗೆ ಆರಾಮ, ಬೆರಳಿನ ಹಿಂದಿರುವ ಹೊಟ್ಟೆಗೆ? ಬೂದಿಗೈಯಲ್ಲೇ ಓಡಿಹೋಗಿ ಪುಸ್ತಕ ತೆರೆದು ರಬ್ಬರಿನಿಂದ ಉಜ್ಜಿದಳು. ಎಷ್ಟು ಉಜ್ಜಿದಳೆಂದರೆ ಕಾಗದ ಸವೆದು, ಬೆಳಕಿಗೆ ಹಿಡಿದರೆ ಆ ಕಡೆಯ ಪುಟದಲ್ಲಿ ಹೋದ ತಿಂಗಳ ಸೂಜಿ-ದಾರದ ಠರಾವು ಕನ್ನಡಿಯಲ್ಲಿನಂತೆ ತಿರುವುಮುರುವಾಗಿ ಕಾಣುತ್ತಿತ್ತು. ಒಬ್ಬ ಹೆಂಗಸಿನ ಅನ್ನವನ್ನು ತಾನು ದಯೆಯಿಂದ, ಒಳ್ಳೆಯ ಅಕ್ಷರದಲ್ಲಿ, ತೆಗೆಯಹೊರಟಿದ್ದೆನಲ್ಲ ಎನ್ನಿಸಿತು.

ಆದ್ದರಿಂದ ಓವರಲಾಕ್. ಟಂಟಂ ಹಳ್ಳ ದಾಟುವ ಹೊತ್ತಿಗೆ ಅವಳು ಗಟ್ಟಿ ಮಾಡಿಕೊಂಡಿದ್ದಳು. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಮಶೀನು. ಅದರಿಂದ ಯಾರ ಅನ್ನವೂ ಹೋಗುವುದಿಲ್ಲ, ಯಾರ ನಾದಿನಿಯೂ ಸೋಲುವುದಿಲ್ಲ, ಯಾರಿಗೂ ವಿಶೇಷ ಸಂತೋಷವೂ ಆಗುವುದಿಲ್ಲ. ಅವಳ ಎಲ್ಲ ಚಳಿಗಾಲದ ಠರಾವುಗಳಂತೆ. ಅಂಗಡಿಯಲ್ಲಿ ಸಮಯ ನೋಡಿ ಒಂದೇ ಒಂದು ವಾಕ್ಯ ಹೇಳಬೇಕು: ನನಗ ಓವರಲಾಕ್ ಬರೋಬರಿ ಅನಸ್ತೈತ್ರಿ. ತುಟಿ ಅಲುಗದಂತೆ ಹತ್ತು ಸಲ ಹೇಳಿಕೊಂಡಳು. ಹತ್ತನೆಯ ಸಲಕ್ಕೆ "ಓವರಲಾಕ್" ಎಂಬುದು ಯಾವುದೋ ಔಷಧಿಯ ಹೆಸರಿನಂತೆ ಕೇಳತೊಡಗಿತು.

"ಶೇಂಗಾ ತಿನ್ನು ಬೇ, ಬಾಯಿ ಒಣಗೈತಿ ನಿಂದು" ಎಂದು ಮಮತಾಜ ಕಾಗದದ ಪೊಟ್ಟಣ ಮುಂದೆ ಹಿಡಿದಳು.

"ಆಕಿಗ್ಯಾಕ ಕೇಳ್ತಿ," ಎಂದಳು ಲಕ್ಷ್ಮಿಬಾಯಿ, ತೊಡೆಯ ಮೇಲಿನ ದೊಡ್ಡ ಕೈಚೀಲವನ್ನು ಸರಿಪಡಿಸುತ್ತ. "ಆಕಿ ಮಾತಾಡಬೇಕಂದ್ರ ಅರ್ಜಿ ಕೊಡಬೇಕು. ನೋಡು ಮಮತಾಜ, ಅಲ್ಲಿ ಧನಪಾಲನ ಮುಂದ ನೀ ಸುಮ್ಮನ ಕುಂದರಬ್ಯಾಡ. ಚೌಕಾಶಿಗೆ ಅಂತನ ನಿನ್ನ ಕರಕೊಂಡು ಬಂದೇನಿ."

"ಯಾವ ಮಶೀನಿಂದು ಚೌಕಾಶಿ ಮಾಡ್ಲಿರಿ ವೈನಿ? ಠರಾವದಾಗ ಏನ್ ಬರದೀರಿ?"

ಇಬ್ಬರೂ ಬ್ರಾಹ್ಮಿಯ ಕಡೆ ನೋಡಿದರು. ಬ್ರಾಹ್ಮಿ ಬಾಯಿ ತುಂಬ ಶೇಂಗಾ ಹಾಕಿಕೊಂಡಳು.

ಧನಪಾಲನ ಅಂಗಡಿ ನಿಪ್ಪಾಣಿಯ ಪೇಟೆಯ ನಡುವಿತ್ತು. ಅವನು ಎದ್ದು ನಿಂತು ಎರಡೂ ಕೈ ಜೋಡಿಸಿ "ಯಾ ಯಾ, ಬರ್ರಿ ಬರ್ರಿ ಅಕ್ಕಾರ, ಬಸಾ, ಕುಂದರ್ರಿ" ಎಂದು ಒಂದೇ ಉಸಿರಿಗೆ ಎರಡು ಭಾಷೆಗಳಲ್ಲಿ ಸ್ವಾಗತಿಸಿ, ಯಾರೂ ಕೇಳುವ ಮೊದಲೇ ಹಣದ ಗಲ್ಲೆಯ ಕೆಳಗಿನ ಖಾನೆ ಎಳೆದು ಮೂರು ಬಗೆಯ ಛಾಪಿಸಿದ ಕಾಗದಗಳನ್ನು ಹೊರತೆಗೆದ. "ದರಪಟ್ಟಿ ಮೂರು ಬೇಕಲ್ರಿ? ಇದು ನಂದು. ಇದು ನನ್ನ ಷಡ್ಡಕಂದು. ಇದು ಒಬ್ಬರು ತೀರಿಕೊಂಡಾರ, ಆದ್ರ ಅವರ ಲೆಟರ್‌ಹೆಡ್ ಇನ್ನೂ ನಡೀತೈತಿ. ಎಲ್ಲಾರಕಿಂತ ನಂದು ಐನೂರು ಕಡಿಮಿ ಇರತೈತಿ, ಕಾಳಜಿ ಮಾಡಬ್ಯಾಡ್ರಿ. ಯಾವ ಮಶೀನು ಹೇಳ್ರಿ, ಬರದ ಕೊಡ್ತೇನಿ." ತೀರಿಕೊಂಡವರ ಕಾಗದದ ಮೇಲೆ ಒಂದು ಕಮಲವಿತ್ತು. ಬ್ರಾಹ್ಮಿಗೆ ಆ ಕಮಲವನ್ನು ನೋಡಿ ಮನಸ್ಸು ಕಲಕಿತು. ಸತ್ತ ಮೇಲೂ ಪ್ರತಿ ಸಲ ಐನೂರು ರೂಪಾಯಿಯಿಂದ ಸೋಲುತ್ತಲೇ ಇರುವ ಆ ಮನುಷ್ಯ ಬದುಕಿದ್ದಾಗ ಹೇಗಿದ್ದಿರಬಹುದು. ಸಭೆಗಳಲ್ಲಿ ಮೂಲೆಯಲ್ಲಿ ಕೂರುತ್ತಿದ್ದಿರಬಹುದು. "ಸೆಕ್ರೆಟರಿ ಬಾಯಾರ, ನಿಮ್ಮ ಅಭಿಪ್ರಾಯ ಏನ್ರಿ?" ಎಂದ ಧನಪಾಲ ತಟ್ಟನೆ. ಸಮಯ ಇದೇ ಆಗಿತ್ತು. ವಾಕ್ಯ ತಯಾರಾಗಿ ನಾಲಗೆಯ ಮೇಲೆ ನಿಂತಿತ್ತು. ಬ್ರಾಹ್ಮಿ "ಹೂಂನ್ರಿ" ಅಂದಳು.

"ಹೂಂ ಅಂದ್ರ?"

"ಹೂಂ ಅಂದ್ರ ಹೂಂ" ಎಂದು ಲಕ್ಷ್ಮಿಬಾಯಿ ತೀರ್ಪು ಕೊಟ್ಟಳು. "ಮೊದಲ ಎಂಬ್ರಾಯ್ಡರಿ ತೋರಸು."

ಅಷ್ಟರಲ್ಲಿ ಹೊರಗೆ ಯಾವುದೋ ಟೆಂಪೋ ಬಂದು ನಿಂತು ಹಾರ್ನು ಹೊಡೆಯಿತು. ಮಾಲು ಇಳಿಸಿ ಬರುತ್ತೇನೆ, ಒಳಗೆ ನೋಡುತ್ತಿರಿ ಎಂದು ಧನಪಾಲ ಹೊರಗೆ ಹೋದ. ಮಮತಾಜ ಅವನ ಹಿಂದೆಯೇ ಕುಡಿಯುವ ನೀರು ಹುಡುಕುತ್ತ ಹೋದಳು. ಅಂಗಡಿಯ ಒಳಭಾಗದಲ್ಲಿ ಮಶೀನುಗಳೆಲ್ಲ ಗವಸು ಹೊದ್ದು ಕೂತಿದ್ದವು, ಮುಸುಕೆಳೆದ ಸೊಸೆಯಂದಿರಂತೆ. ಅವುಗಳಲ್ಲಿ ಒಂದರ ಗವಸಿನ ಮೇಲೆ ನವಿಲಿತ್ತು. ಹಸಿರು ಕುತ್ತಿಗೆ, ನೀಲಿ ಗರಿ, ಗರಿಯ ಕಣ್ಣಿಗೆ ಜರಿ. ಲಕ್ಷ್ಮಿಬಾಯಿ ಕಾಕು ನಿಂತಲ್ಲೇ ನಿಂತಳು. ಅವಳಿಗೆ ಚಾಳೀಸು ಬಂದು ಆರು ವರ್ಷವಾಗಿದೆ. ಕನ್ನಡಕ ಹಾಕಿದರೆ ಮುದುಕಿ ಕಾಣುತ್ತೇನೆಂದು ಹಾಕುವುದಿಲ್ಲ. ಆದರೆ ನವಿಲು ಕಾಣಲು ಕನ್ನಡಕ ಬೇಕಿಲ್ಲ. "ಇದ" ಎಂದಳು ಪಿಸುದನಿಯಲ್ಲಿ. "ಇದ ನೋಡು ಬ್ರಾಹ್ಮಿ. ಇವತ್ತ ಶುಕ್ರವಾರ." ಆ ದೊಡ್ಡ ಕೈಚೀಲದಲ್ಲಿ ಏನಿತ್ತೆಂಬುದು ಬ್ರಾಹ್ಮಿಗೆ ಆಗ ತಿಳಿಯಿತು. ತೆಂಗಿನಕಾಯಿ ಬಂತು, ಹಸಿರು ಖಣ ಬಂತು, ಅಕ್ಕಿಯ ಗಂಟು, ಉತ್ತತ್ತಿ, ಅಡಿಕೆ, ಅರಿಶಿಣದ ಬೇರು, ಐದು ವೀಳ್ಯದೆಲೆ, ಕುಂಕುಮದ ಡಬ್ಬಿ. ಕಾಕು ಪದ್ಮಾವತಿ ದೇವಿಗೆ ಶುಕ್ರವಾರ ಶುಕ್ರವಾರ ಉಡಿ ತುಂಬುವವಳು. ಮನೆಗೆ ಬರುವ ಹೆಣ್ಣಿಗೆ, ಮನೆಯಿಂದ ಹೋಗುವ ಹೆಣ್ಣಿಗೆ ಉಡಿ ತುಂಬುವವಳು. ಹೋದ ವರ್ಷ ಟ್ರ್ಯಾಕ್ಟರ್ ಕೊಂಡಾಗ ಅದರ ಸೀಟಿಗೂ ತುಂಬಿದ್ದಳು.

ಕಾಕು ಕೆಳಗಿನಿಂದ ಕೈ ತೂರಿಸಿ ಮಶೀನಿಗೆ ಕುಂಕುಮ ಹಚ್ಚುವಾಗ ಗವಸಿನ ಅಂಚು ಒಂದಿಷ್ಟು ಮೇಲೆ ಸರಿಯಿತು. ಕೆಳಗೆ, ಮಶೀನಿನ ಕಾಲಿಗೆ ಕಟ್ಟಿದ್ದ ರಟ್ಟಿನ ಚೀಟಿಯಲ್ಲಿ ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆದಿತ್ತು: ಕಾಜಾ. ಬ್ರಾಹ್ಮಿ ಓದಿದಳು. ಓದಿದವಳು ಅವಳೊಬ್ಬಳೇ. ಅದು ಎಂಬ್ರಾಯ್ಡರಿ ಅಲ್ಲ ಎಂದು ಈಗ ಹೇಳಬೇಕು. ಕಾಯಿ ಇನ್ನೂ ಕಾಕುವಿನ ಕೈಯಲ್ಲೇ ಇದೆ. ಆದರೆ ಹೇಗೆ ಹೇಳಬೇಕು? "ಕಾಕು, ತಡೀರಿ" ಎಂದರೆ ಪೂಜೆಯನ್ನು ತಡೆದಂತಾಗುತ್ತದೆ. "ಕಾಕು, ಅದು ಅಲ್ರಿ" ಎಂದರೆ ನಿಮಗೆ ಕಣ್ಣು ಕಾಣುವುದಿಲ್ಲ ಎಂದಂತಾಗುತ್ತದೆ. ಮೊದಲು ಕೆಮ್ಮಿ, ಆಮೇಲೆ ನವಿಲನ್ನು ಹೊಗಳಿ, ಗವಸು ಬೇರೆ ಮಶೀನು ಬೇರೆ ಎಂಬ ಸಾಮಾನ್ಯ ತತ್ವದಿಂದ ಆರಂಭಿಸಿದರೆ ಹೇಗೆ? ಅವಳು ವಾಕ್ಯದ ಮೊದಲರ್ಧವನ್ನು ತಿದ್ದುತ್ತಿರುವಾಗ ಅಕ್ಕಿ ಬಿತ್ತು. ಎರಡನೆಯ ಅರ್ಧಕ್ಕೆ ಬಂದಾಗ ಉತ್ತತ್ತಿ, ಅಡಿಕೆ ಬಿದ್ದವು. ಸಂಬೋಧನೆ ಮೊದಲಿಗೋ ಕೊನೆಗೋ ಎಂದು ತೂಗುತ್ತಿರುವಾಗ ಕಾಕು ತೆಂಗಿನಕಾಯಿಯನ್ನು ಖಣದ ಮೇಲಿಟ್ಟು, ಐದು ಸಲ ತುಂಬಿ, ಹಣೆ ಹಚ್ಚಿ ನಮಸ್ಕಾರ ಮಾಡಿ, ಕಣ್ಣೊರೆಸಿಕೊಂಡಳು. ವಾಕ್ಯ ಆಗ ಪೂರ್ತಿ ಸಿದ್ಧವಾಯಿತು. ಬಹಳ ಚೆಂದದ ವಾಕ್ಯ.

"ಅರೆ ದೇವಾ," ಎಂದ ಧನಪಾಲ, ಕೈ ಒರೆಸುತ್ತ ಒಳಬಂದು. "ಅಕ್ಕಾರ, ಕಾಜಾ ಮಶೀನಿಗೆ ಉಡಿ ತುಂಬೀರಲ್ರಿ!"

"ಏನು?"

ಧನಪಾಲ ಉಡಿಯನ್ನು ಪಕ್ಕಕ್ಕೆ ಸರಿಸಿ ಗವಸು ಎತ್ತಿದ. ಬೂದು ಬಣ್ಣದ, ಮೊಂಡ ಮೂತಿಯ ಒಂದು ಮಶೀನು ಕುಂಕುಮ ಹಚ್ಚಿಕೊಂಡು ಕೂತಿತ್ತು. ನವಿಲಿನ ಗವಸು ಅವನ ಹೆಂಡತಿ ಅಂದಕ್ಕೆಂದು ಮಾಡಿದ್ದು. ಎಂಬ್ರಾಯ್ಡರಿ ಮಶೀನು ಮಾಳಿಗೆಯ ಮೇಲಿದೆ. ಅದರ ರೇಟು ಒಂದು ಲಕ್ಷ ತೊಂಬತ್ತು ಸಾವಿರ. ಆ ಅಂಕಿ ಕೇಳಿ ಲಕ್ಷ್ಮಿಬಾಯಿ ಕಾಕುವಿನ ಮುಖದಲ್ಲಿ ಒಂದು ಕ್ಷಣ ನಾದಿನಿಯ ಬೆನ್ನು ಹಾದುಹೋದದ್ದು ಬ್ರಾಹ್ಮಿಗೆ ಕಾಣಿಸಿತು. ಆದರೆ ಕಾಕು ಸುಮ್ಮನೆ ಅಧ್ಯಕ್ಷೆಯಾದವಳಲ್ಲ. ಸೆರಗು ಸರಿಪಡಿಸಿಕೊಂಡು, "ನನಗೇನು ಗೊತ್ತಿಲ್ಲಾಂತ ತಿಳದಿಯೇನೋ ಧನಪಾಲಾ? ದೇವಿ ನನ್ನ ಕೈ ಎಲ್ಲಿಗೆ ಒಯ್ದಾಳ, ಅಲ್ಲಿಗೆ ತುಂಬೇನಿ. ಉಡಿ ತುಂಬಿದ ಮ್ಯಾಲ ಬಿಟ್ಟು ಹೋಗಾಕ ಬರೂದಿಲ್ಲ. ಇದಕ್ಕೆಷ್ಟು?" ಎಂದಳು.

"ನಿಮ್ಮ ಅರವತ್ತರೊಳಗ ಕೂಡತೈತ್ರಿ."

"ನೋಡಿದಿಲ್ಲ? ದೇವಿಗೆ ಬಜೆಟ್ಟೂ ಗೊತ್ತು."

ಮಮತಾಜ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅವಳ ಕೈಯಲ್ಲಿ ನೀರಿನ ತಂಬಿಗೆಯಿತ್ತು. ಧನಪಾಲ ಒಂದು ಬಟ್ಟೆಯ ಚೂರು ಕೊಟ್ಟು "ಕೂಡ್ರಿ, ಹಚ್ಚಿ ನೋಡ್ರಿ" ಎಂದು ಮಶೀನಿನ ಮುಂದೆ ಸ್ಟೂಲು ಸರಿಸಿದ. ಮಮತಾಜ ಕೂತಳು. ಬಟ್ಟೆ ಇಟ್ಟಳು, ಕಾಲು ಒತ್ತಿದಳು. ಗರ್ರ್ ಎಂದು ನಾಲ್ಕು ಎಣಿಸುವುದರಲ್ಲಿ ಒಂದು ಕಾಜಾ ಆಯಿತು, ಕೊನೆಗೆ ಚೂರಿ ಟಪ್ಪೆಂದು ಇಳಿದು ಕಣ್ಣು ತೆರೆಯಿತು. ಮಮತಾಜ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಆ ಕಣ್ಣಿನೊಳಗಿಂದ ಬೀದಿಯನ್ನು ನೋಡಿದಳು. ಇನ್ನೊಂದು ಮಾಡಿದಳು. ಇನ್ನೊಂದು. ಅವಳ ಮೌನ ಬ್ರಾಹ್ಮಿಯ ಕಿವಿಯೊಳಗೆ ಗರ್ರೆನ್ನುತ್ತಿತ್ತು. ಹದಿನೆಂಟು ವರ್ಷ ನಾಲ್ಕು ಎಣಿಕೆಗೊಂದರಂತೆ ಚೂರಿಗೆ ಬೀಳುತ್ತಿದೆ, ಮೆಹೆಕಳ ಫೀಜು ಬೀಳುತ್ತಿದೆ, ಮತ್ತು ಇದು ಆದದ್ದು ತಾನು ಒಂದು ವಾಕ್ಯವನ್ನು ತಿದ್ದುತ್ತ ನಿಂತದ್ದರಿಂದ. ಮುಂದೆ ಏನಾಯಿತೆಂದು ಅವಳಿಗೆ ಸರಿಯಾಗಿ ನೆನಪಿಲ್ಲ. ಯಾರೋ ಕಿರುಚಿದರು. ಟೆಂಪೋದ ಹಮಾಲರು ತಿರುಗಿ ನೋಡಿದರು. ಕಿರುಚಿದವಳು ತಾನೇ ಎಂದು ಅವಳಿಗೆ ಗೊತ್ತಾದದ್ದು ಅರ್ಧ ವಾಕ್ಯ ಹೊರಗೆ ಬಿದ್ದ ಮೇಲೆ.

"ಬ್ಯಾಡ್ರಿ! ಇದನ್ನ ತಗೋಬ್ಯಾಡ್ರಿ! ಮಾವಶಿ ಹೊಟ್ಟಿ ಮ್ಯಾಲ ಹೊಡದಂಗ ಆಗತೈತಿ! ಇದು ಬಂದ್ರ ಆಕಿ ಏನ್ ತಿನ್ನಬೇಕ್ರಿ?"

ಮಶೀನಿನ ಮೇಲಿಂದ ಒಂದು ಅಡಿಕೆ ಉರುಳಿ ಕೆಳಗೆ ಬಿತ್ತು. ಬ್ರಾಹ್ಮಿಗೆ ಮೊದಲು ಹೆಮ್ಮೆಯಾಯಿತು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವಳು ಮಮತಾಜಳ ಮುಖ ನೋಡಿದಳು. ಆ ಮುಖ ಕಿವಿಯವರೆಗೆ ಕೆಂಪಾಗಿತ್ತು. ಹಮಾಲರ ಮುಂದೆ, ಧನಪಾಲನ ಮುಂದೆ, ತಾನು ಆ ಹೆಂಗಸನ್ನು ಬೇಡುವವಳನ್ನಾಗಿ ಮಾಡಿ ನಿಲ್ಲಿಸಿದ್ದಳು.

"ನಾ ನಿನಗ ಹೇಳಿದ್ದೆನೇನು ಬೇ?" ಎಂದಳು ಮಮತಾಜ ಸಣ್ಣ ದನಿಯಲ್ಲಿ. "ಮಮತಾಜ ಉಪವಾಸ ಸಾಯತಾಳ ಅಂತ ಯಾರು ಹೇಳಿದ್ರು ನಿನಗ?"

"ಯಾರೂ ಇಲ್ರಿ."

"ಕೇಳಿದ್ದೇನು ನನ್ನ?"

"ಇಲ್ರಿ."

"ಹದಿನೆಂಟು ವರ್ಷ ಆತು ಈ ಕಾಜಾ ಮಾಡಾಕತ್ತು. ಒಂದು ದಿವಸ, ಒಬ್ಬಾಕಿ, ಮಮತಾಜ ನಿನಗ ಇದು ಸೇರತೈತೇನು ಅಂತ ಕೇಳಿಲ್ಲ. ನನಗ ಕಾಜಾ ಕಂಡ್ರ ಮೈ ಉರೀತೈತಿ. ಕನಸಿನ್ಯಾಗ ನನ್ನ ಗಂಡನ ಮಾರಿಗೂ ಏಳು ಕಾಜಾ ಇರತಾವ."

"ಈ ಬಾಯಾರು ಶ್ರಾವಣದಾಗ ಬಂದಿದ್ರಲ್ರಿ," ಎಂದು ಧನಪಾಲ ಉಪಕಾರ ಮಾಡುವ ಹುರುಪಿನಲ್ಲಿ ಬಾಯಿ ಹಾಕಿದ. "ದೀಪಾವಳಿಗೆ ಬಂದಿದ್ರು, ಹೋದ ಸಂತಿಗೂ ಬಂದಿದ್ರು. ಇದನ್ನ ಹಚ್ಚಿ ನೋಡಿ, ರೇಟ್ ಕೇಳಿ, ಗವಸು ಹೊಚ್ಚಿ ಹೋಗ್ತಾರ."

"ನೀ ಸುಮ್ಮನಿರೋ ಅಣ್ಣಾ!" ಎಂದಳು ಮಮತಾಜ. ಈಗ ಅವಳ ಮುಖ ಬೇರೆ ರೀತಿಯಲ್ಲಿ ಕೆಂಪಾಯಿತು.

ಲಕ್ಷ್ಮಿಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲ ಮಮತಾಜ, ಅಷ್ಟ ಆಸೆ ಇತ್ತಂದ್ರ ಸಭಾದಾಗ ಯಾಕ ಬಾಯಿ ಬಿಡಲಿಲ್ಲ ನೀನು?"

"ಹ್ಯಾಂಗ ಬಿಡಬೇಕ್ರಿ ವೈನಿ? ಕಾಜಾ ಮಾಡಾಕಿ ನಾ ಒಬ್ಬಾಕಿ. ಕಾಜಾ ಮಶೀನು ಬೇಕಂದ್ರ, ಎಲ್ಲಾರ ರೊಕ್ಕದಾಗ ತನ್ನ ಅನುಕೂಲ ನೋಡ್ಕೊಂಡ್ಳು ಅಂತೀರಿ. ಬ್ಯಾಡ ಅಂದ್ರ ಸಂಘಕ್ಕ ಅಡ್ಡ ಬಂದ್ಳು ಅಂತೀರಿ. ನಿಮಗ ತಿಳಿದಂಗ ಮಾಡ್ರಿ ಅಂದೆ."

ಬ್ರಾಹ್ಮಿ ನೆಲ ನೋಡುತ್ತಿದ್ದಳು. ಹದಿನೆಂಟು ವರ್ಷ ತನ್ನ ಹಾಗೆಯೇ ವಾಕ್ಯ ತಿದ್ದುತ್ತ ಕೂತ ಇನ್ನೊಬ್ಬಳು ಅದೇ ವಖಾರಿಯಲ್ಲಿ, ಮೂರು ಮೊಳ ಆಚೆ, ಇದ್ದಳೆಂಬುದು ಅವಳಿಗೆ ಒಂದು ಬಗೆಯ ಅವಮಾನದಂತೆ ತಟ್ಟಿತು. ಮೂಕತನ ತನ್ನೊಬ್ಬಳ ಸೊತ್ತು ಎಂದುಕೊಂಡಿದ್ದಳು ಅವಳು.

"ಆತು, ಈಗ ಆತಲ್ಲ, ತಗೊಂಡು ನಡೀರಿ" ಎಂದಳು ಲಕ್ಷ್ಮಿಬಾಯಿ. ಮಮತಾಜ ಸ್ಟೂಲಿನಿಂದ ಏಳಲಿಲ್ಲ.

"ಆಗಿಲ್ರಿ. ಈ ಹುಡುಗಿ ಹೇಳಿದ್ರಾಗ ಒಂದು ಖರೆ ಐತಿ. ಮಶೀನು ಬಂದ್ರ ಯಾರ ಬೇಕಾದವರು ಕಾಲು ಒತ್ತತಾರ, ನಾ ಗೋಡಿ ನೋಡ್ಕೊಂತ ಕುಂದರ್ತೇನಿ. ಮಶೀನು ಸಂಘದ್ದು, ಖರೆ. ನಡಸಾಕಿ ನಾನು. ಕಾಜಾಕ್ಕ ಎರಡು ರೂಪಾಯಿ ಬ್ಯಾಡ, ಒಂದು ಕೊಡ್ರಿ. ಪ್ಯಾಟಿ ಟೇಲರ್ ಮಂದಿ ಅಂಗೀನೂ ತಂದು ಮಾಡ್ತೇನಿ, ಅದರಾಗ ಅರ್ಧ ಸಂಘಕ್ಕ, ಅರ್ಧ ನನಗ."

"ಒಂದು ರೂಪಾಯಿ! ಕಾಲು ಒತ್ತಿದ್ರ ಆಗೂದಕ್ಕ? ನಾಲ್ಕಾಣೆ."

"ಒಂದು."

"ಎಂಟಾಣೆ. ಅದೂ ಸಭಾದಾಗ ಇಟ್ಟು ಮಾತಾಡೂಣು."

"ಇಲ್ಲೇ ಮಾತಾಡೂಣ್ರಿ" ಎಂದಳು ಮಮತಾಜ. ಮತ್ತು ತಂಬಿಗೆಯಿಂದ ನಿಧಾನವಾಗಿ ಒಂದು ಗುಟುಕು ನೀರು ಕುಡಿದು, ಅಂಗಡಿಯ ಬಾಗಿಲಿನ ಕಡೆ ನೋಡಿದಳು. ಎದುರಿನ ಸಾಲಿನ ಮಾಳಿಗೆಗಳ ಮೇಲೆ ಬಿಸಿಲು ಕೆಂಪಗೆ ಕೊನೆಯ ಕಿಟಕಿಗೆ ಏರಿತ್ತು. ಲಕ್ಷ್ಮಿಬಾಯಿಯೂ ನೋಡಿದಳು. ಕೈಚೀಲದ ತಳದಲ್ಲಿ ಅವಳ ರೊಟ್ಟಿಯ ಡಬ್ಬಿ ಇತ್ತು. ಅದನ್ನು ಬಿಚ್ಚಿ, ಉಂಡು, ನೀರು ಕುಡಿದು ಮುಗಿಸಲು ಇನ್ನು ಅರ್ಧ ತಾಸು. ಇಲ್ಲವಾದರೆ ನಾಳೆ ಬೆಳಗಿನವರೆಗೆ ಏನೂ ಇಲ್ಲ. ಇಷ್ಟು ವರ್ಷ ಹೊತ್ತು ಯಾರಿಗಾಗಿ ಮುಳುಗುತ್ತಿತ್ತೋ, ಇವತ್ತು ಮಮತಾಜಳಿಗಾಗಿ ಮುಳುಗುತ್ತಿತ್ತು. ಅವಳಿಗೇನೂ ಅವಸರವಿರಲಿಲ್ಲ. ಅವಳು ಬಟ್ಟೆಯ ಚೂರಿನಲ್ಲಿ ಇನ್ನೊಂದು ಕಾಜಾ ಮಾಡಿದಳು. ಅದರ ಪಕ್ಕ ಇನ್ನೊಂದು.

"ಹನ್ನೆರಡಾಣೆ" ಎಂದಳು ಲಕ್ಷ್ಮಿಬಾಯಿ.

ಗರ್ರ್, ಟಪ್.

"ಏ ಮಮತಾಜ, ಧರ್ಮ ಬಿಡಬ್ಯಾಡ. ನನ್ನ ಊಟದ ಹೊತ್ತು."

"ಉಣ್ರಿ ವೈನಿ, ಯಾರು ಬ್ಯಾಡ ಅಂದ್ರು? ನಾ ಏನು ನಿಮ್ಮ ಕೈ ಹಿಡದೇನೇನು?" ಗರ್ರ್, ಟಪ್. "ಅಲ್ಲಾ, ಎಷ್ಟು ಚಂದ ಬರತೈತಿ ನೋಡ್ರಿ."

ಧನಪಾಲನೂ ಜೈನನೇ, ಮೇಲಿಂದ ಹೆಂಡತಿ ಎರಡು ಸಲ ಕರೆದಾಗಿತ್ತು. "ಅಕ್ಕಾರ, ಒಂದು ರೂಪಾಯಿ ಅಂದ್ರ ಬ್ಯಾಡ ಅನ್ನಬ್ಯಾಡ್ರಿ, ಪ್ಯಾಟ್ಯಾಗ ಅದ ನಡದೈತಿ" ಎಂದ ಅವನು, ಸಂಕಟದಿಂದ.

"ಆತು ಬೇ, ಒಂದು! ಒಂದು ರೂಪಾಯಿ, ನೀನ ನಡಸು, ಅರ್ಧ ಸಂಘಕ್ಕ!" ಎಂದು ಕೂಗಿ ಲಕ್ಷ್ಮಿಬಾಯಿ ಡಬ್ಬಿಯ ಮುಚ್ಚಳ ತೆಗೆದಳು. "ಬರಿ ಬ್ರಾಹ್ಮಿ, ಲಗೂನ ಬರಿ, ನೀನೂ ಉಣ್ಣಬೇಕು."

ಬ್ರಾಹ್ಮಿ ಗಲ್ಲೆಯ ಮೇಲೆ ಪುಸ್ತಕ ತೆರೆದು ಪೆನ್ನು ತೆಗೆದಳು. ಮೊದಲ ಬಾರಿಗೆ ಅವಳು ಊಹಿಸಬೇಕಾಗಿರಲಿಲ್ಲ. ಒಬ್ಬಳು ರೊಟ್ಟಿಯ ತುತ್ತಿನ ನಡುವಿನಿಂದ, ಒಬ್ಬಳು ಸ್ಟೂಲಿನ ಮೇಲಿನಿಂದ ಹೇಳುತ್ತಿದ್ದರು, ಒಬ್ಬರ ಮಾತಿನ ಮೇಲೆ ಒಬ್ಬರು. ಕಾಗದ ಸವೆದಲ್ಲಿ ಶಾಯಿ ಹಬ್ಬಿತು. ಅಕ್ಷರ ಮುತ್ತಿನಂತಿರಲಿಲ್ಲ. ನಡೆಸುವವರು, ದರ, ಪೇಟೆಯ ಕೆಲಸ, ಅರ್ಧ ಅರ್ಧ. ಅಂಗೈಯಗಲದ ಜಾಗ ಬೇಗ ತುಂಬುತ್ತ ಬಂತು. ಕೊನೆಗೆ ಒಂದು ಸಾಲು ಉಳಿಯಿತು. "ಎಲ್ಲಾರೂ ಒಪ್ಪಿದರು ಅಂತ ಹಾಕಿ ಮುಗಸು" ಎಂದಳು ಲಕ್ಷ್ಮಿಬಾಯಿ.

"ಹಾಕಬ್ಯಾಡ" ಎಂದಳು ಮಮತಾಜ. "ಎಲ್ಲಾರು ಎಲ್ಲಿ ಒಪ್ಪಿದ್ರು? ಈಕಿ ಬ್ಯಾಡ ಅಂತ ಒದರಿದ್ಲು."

"ಈಗ ಒಪ್ಪೇನ್ರಿ ಮಾವಶಿ" ಎಂದಳು ಬ್ರಾಹ್ಮಿ ಗಾಬರಿಯಿಂದ. "ನಾ ತಿಳೀಲಾರದ ಅಂದೆ. ತಪ್ಪಾತು."

"ತಪ್ಪ ಒದರಿದ್ರೂ ಒದರಿದ್ದು ಖರೆ ಹೌದಲ್ಲೊ? ನಾಚಿಕಿಲೆ ಸಾಯೂವಂಗ ಮಾಡಿದಿ ನನ್ನ, ಹಮಾಲರ ಮುಂದ. ಅದು ಬ್ಯಾರೆ, ಅದಕ್ಕ ನಿನ್ನ ಮ್ಯಾಲ ಇನ್ನೂ ಸಿಟ್ಟೈತಿ. ಆದ್ರ ಮಮತಾಜನ ಸಲವಾಗಿ ಒಬ್ಬಾಕಿ ಎದ್ದು ನಿಂತಿದ್ಲು ಅಂತ ಕಾಗದದಾಗ ಇರಲಿ. ಬರಿ."

ಬ್ರಾಹ್ಮಿ ಬರೆದ ಠರಾವುಗಳಲ್ಲಿ ಈವರೆಗೆ ಯಾರೂ ಯಾವುದನ್ನೂ ವಿರೋಧಿಸಿರಲಿಲ್ಲ. ಅವಳು "ಕಾರ್ಯದರ್ಶಿಯವರು ವಿರೋಧಿಸಿದರು" ಎಂದು ಬರೆದಳು.

"ಓದು" ಎಂದಳು ಮಮತಾಜ. ಬ್ರಾಹ್ಮಿ ಓದಿದಳು.

"ಕಾರ್ಯದರ್ಶಿ ಅಂದ್ರ ಯಾರು? ಮುಂದಿನ ವರ್ಷ ಬ್ಯಾರೆ ಯಾರೋ ಬಂದು ನಾನ ಅಂದಾರು. ಹೆಸರು ಹಾಕು."

ಜಾಗವಿರಲಿಲ್ಲ. ಕೆಳಗೆ ಸಹಿಗಳು ಮುಟ್ಟುವಷ್ಟು ಹತ್ತಿರದಲ್ಲಿದ್ದವು. ಆದರೂ ಅವಳು ಕೊನೆಯ ಮೂಲೆಯಲ್ಲಿ ಇರುಕಿಸಿ ತನ್ನ ಹೆಸರನ್ನು ಬರೆದಳು, ಮತ್ತು ಅದರ ಒತ್ತಕ್ಷರಗಳೆರಡೂ ಕೆಳಗಿಳಿದು ನೇರವಾಗಿ ಲಕ್ಷ್ಮಿಬಾಯಿ ಕಾಕುವಿನ ಸಹಿಯ ತಲೆಯ ಮೇಲೆ ಕುಳಿತವು.

"ಏನ್ ಬರದಿ? ಕೇಳಲಿಲ್ಲ" ಎಂದಳು ಲಕ್ಷ್ಮಿಬಾಯಿ, ಬಾಯ ತುಂಬ ರೊಟ್ಟಿ.

ಬ್ರಾಹ್ಮಿ ಮತ್ತೊಮ್ಮೆ ಓದಿದಳು, ಈ ಸಲ ಗಟ್ಟಿಯಾಗಿ, ಹೆಸರಿನವರೆಗೆ.